ಪರರ ನೆಲದಲ್ಲಿ ಪಾಲು ಕೇಳುವ ಮುನ್ನ

ಸಿಂಗಪುರಕ್ಕೆ ಬರಲು ಸಿದ್ಧರಾಗುತ್ತಿರುವವರು ಊರಿನಿಂದ ಕೇಳುವ ಪ್ರಶ್ನೆಗಳಿಗೆ ಒಂದು ಗೊತ್ತಾದ ಕ್ರಮವಿದೆ. ಮನೆ ಬಾಡಿಗೆ ಎಷ್ಟು, ಮಕ್ಕಳಿಗೆ ಶಾಲೆಯಲ್ಲಿ ಸ್ಥಳ ಸಿಗುವುದೇ, ಸೋನಾಮಸೂರಿ ಅಕ್ಕಿ ದೊರೆಯುವುದೇ, ಅಪ್ಪ ಅಮ್ಮನನ್ನು ಎಷ್ಟು ದಿನ ಕರೆಸಿಕೊಂಡು ಇಟ್ಟುಕೊಳ್ಳಬಹುದು. ಕೊನೆಗೆ ನಗುತ್ತ, ಅಲ್ಲಿ ಉಗುಳಿದರೆ ಎಷ್ಟು ದಂಡ ಎಂದು ಕೇಳುವವರೂ ಉಂಟು. ಆದರೆ ಇಲ್ಲಿನ ಬದುಕಿನಲ್ಲಿ ನಮ್ಮವರು ಆಗಾಗ ಎಡವುವ ಒಂದು ವಿಷಯವನ್ನು ಮಾತ್ರ ಯಾರೂ ಕೇಳುವುದಿಲ್ಲ. ನಮ್ಮದಲ್ಲದ ನೆಲಕ್ಕೆ ಕಾಲಿಡುವ, ಅಲ್ಲಿ ಬೆಳೆದದ್ದನ್ನೋ ಅಲ್ಲಿನ ನೀರಿನಲ್ಲಿ ಸಿಕ್ಕಿದ್ದನ್ನೋ ತೆಗೆದುಕೊಳ್ಳುವ, ಹಾಗೆ ದೊರೆತ ಅನುಮತಿಯನ್ನು ಬಂಧುಮಿತ್ರರೊಡನೆ ಹಂಚಿಕೊಳ್ಳುವ ರೀತಿನೀತಿ ಯಾವುದು ಎಂಬುದೇ ಆ ವಿಷಯ.

ಈ ದೇಶದಲ್ಲಿ ಕಾನೂನು ಕಟ್ಟುನಿಟ್ಟು ಎಂಬುದನ್ನು ಎಲ್ಲರೂ ಬಲ್ಲರು. ಕಾನೂನನ್ನು ಫಲಕ ನೋಡಿ ಕಲಿಯಬಹುದು. ಫಲಕದ ಮೇಲೆ ಬರೆಯಲಾಗದ ನಡತೆಯನ್ನು ಕಲಿಯುವುದೇ ಕಷ್ಟ. ನಾನು ಇಲ್ಲಿ ಹೇಳಬಯಸುವುದು ಇಷ್ಟು: ಪರರ ನೆಲಕ್ಕೆ ನಮಗೆ ದೊರೆತ ಪ್ರವೇಶವು ಎರವಲಾಗಿ ಸಿಕ್ಕ ವಿಶ್ವಾಸ. ಅದನ್ನು ನಾವು ಅನುಭವಿಸಬಹುದು. ಕೊಟ್ಟವರನ್ನು ಕೇಳದೆ ಮೂರನೆಯವರಿಗೆ ದಾಟಿಸುವ ಹಕ್ಕು ನಮಗಿಲ್ಲ. ಈ ನೀತಿಗಾಗಿ ಸಿಂಗಪುರದವರೆಗೆ ಬರಬೇಕಾದ ಅಗತ್ಯವೂ ಇರಲಿಲ್ಲ. ನಮ್ಮ ಮಲೆನಾಡಿನ, ಕೊಡಗಿನ ಹಿರಿಯರು ಬೇಟೆಯ ಕಾಲದಲ್ಲಿ ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಬೇಟೆಯ ಮಾತು ಬಂದಾಗ ನಮ್ಮ ನೆನಪಿಗೆ ಬರುವುದು ಕೋವಿ ಮತ್ತು ಸಾಹಸ. ಆದರೆ ಊರೊಟ್ಟಿನ ಬೇಟೆಯೆಂಬುದು ಬಹುಮಟ್ಟಿಗೆ ಶಿಸ್ತಿನ ಕೆಲಸವಾಗಿತ್ತು. ಕಾಡುಹಂದಿ ಒಬ್ಬನ ಗದ್ದೆಯಲ್ಲಿ ಮೇದು, ಇನ್ನೊಬ್ಬನ ಕಾಫಿ ತೋಟದಲ್ಲಿ ಮಲಗಿ, ಮೂರನೆಯವನ ಬಾಣೆಯಲ್ಲಿ ಗುಂಡಿಗೆ ಸಿಕ್ಕುವ ಪ್ರಾಣಿ. ಹೀಗಿರುವಾಗ ಯಾರ ಜಮೀನಿನಲ್ಲಿ ಯಾರು ನುಗ್ಗಬಹುದು ಎಂಬುದು ಮೊದಲೇ ತೀರ್ಮಾನವಾಗಬೇಕಿತ್ತು. ಜಮೀನಿನ ಯಜಮಾನರಿಗೆ ಒಂದು ಮಾತು ತಿಳಿಸದೆ ನಾಯಿ ಬಿಡುವುದು ಜಗಳಕ್ಕೆ ಕಾರಣ. ಬೇಲಿಯ ಉಣುಗೋಲು ಸರಿಸಿ ಒಳಗೆ ಹೋದವನು ಹೊರಬರುವಾಗ ಅದನ್ನು ಮತ್ತೆ ಹಾಕಿಯೇ ಬರಬೇಕು. ಇಲ್ಲದಿದ್ದರೆ ಹಂದಿ ತಿಂದುದಕ್ಕಿಂತ ಹೆಚ್ಚು ಪೈರನ್ನು ಬೀಡಾಡಿ ದನ ಮೇಯುತ್ತದೆ. ಕರೆಸಿಕೊಂಡ ನೆಂಟ ತನ್ನ ನೆಂಟನನ್ನು ಹೇಳದೆ ಕೇಳದೆ ಕರೆತರುವುದು ಮರ್ಯಾದೆಯಲ್ಲ. ಪಾಲು ಹಾಕುವಾಗ ಗುಂಡು ಹೊಡೆದವನಿಗೆ ಮಾನ್ಯತೆ ಇದ್ದರೂ, ಹಳುವಿನಲ್ಲಿ ಕೂಗುತ್ತ ಪ್ರಾಣಿಯನ್ನು ಸೋಹಿದವರಿಗೂ ಪಾಲುಂಟು, ನಾಯಿಗಳಿಗೂ ಪಾಲುಂಟು.

ಆ ಕಾಲ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿತು. ಹಾಗೆ ಮಾಡಿದ್ದು ಸರಿಯೇ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತಾದರೂ, ಆ ವಿನಾಯಿತಿ ಕೋವಿ ಇಟ್ಟುಕೊಳ್ಳಲು ಮಾತ್ರ. ಕೈಲ್‌ಪೊಳ್ದ್ ಹಬ್ಬದಲ್ಲಿ ಈಗ ಗುರಿಯಿಡುವುದು ತೆಂಗಿನಕಾಯಿಗೆ. ಬೇಟೆ ಹೋದರೂ ಅದರ ಸುತ್ತ ಬೆಳೆದಿದ್ದ ನಡತೆ ಮಾತ್ರ ಹೋಗಬೇಕಾಗಿರಲಿಲ್ಲ. ಪರರ ನೆಲದಲ್ಲಿ ಹೇಗಿರಬೇಕು ಎಂಬ ಆ ತಿಳಿವಳಿಕೆ, ನೆಲವೇ ಇಲ್ಲದ ಊರಿಗೆ ಬಂದಾಗ ಇನ್ನೂ ಹೆಚ್ಚು ಬೇಕಾಗುತ್ತದೆ.

ಸಿಂಗಪುರ ಅಂಥ ಊರು. ಇಡೀ ದೇಶದ ವಿಸ್ತೀರ್ಣ ಸುಮಾರು 735 ಚದರ ಕಿಲೋಮೀಟರ್; ಬೆಂಗಳೂರು ನಗರದಷ್ಟೇ ಎನ್ನಬಹುದು. ಅದರಲ್ಲಿ ಸುಮಾರು 60 ಲಕ್ಷ ಜನ. ನೆಲದ ಬಹುಪಾಲು, ಸುಮಾರು ಶೇಕಡ 90ರಷ್ಟು, ಸರ್ಕಾರದ ಒಡೆತನದಲ್ಲಿದೆ. ಬೇಸಾಯಕ್ಕೆ ಮೀಸಲಾದುದು ಶೇಕಡ ಒಂದರಷ್ಟು. ಜನರಲ್ಲಿ ಬಹುತೇಕರು ವಾಸಿಸುವುದು ಎಚ್‌ಡಿಬಿ ಕಟ್ಟಿಸಿದ ಬಹುಮಹಡಿ ವಸತಿಗಳಲ್ಲಿ. ಹಾಸನದಲ್ಲೋ ಶಿರಸಿಯಲ್ಲೋ ಹಿತ್ತಲಿನ ಕರಿಬೇವಿಗೆ ಕೈ ಚಾಚಿ ಬೆಳೆದವರು ಹನ್ನೆರಡನೆಯ ಮಹಡಿಯ ಕಿಟಕಿಯಿಂದ ಕೆಳಗಿನ ಹಸಿರನ್ನು ನೋಡುವಾಗ, ಇದೆಲ್ಲ ಯಾರದೂ ಅಲ್ಲ ಎಂಬ ಭಾವನೆ ಬರುವುದು ಸಹಜ. ನಮ್ಮೂರಿನಲ್ಲಿ ಗೋಮಾಳ, ಗುಂಡುತೋಪು, ಕೆರೆಯಂಗಳಗಳು ಎಲ್ಲರವೂ ಆಗಿದ್ದುದರಿಂದ ಯಾರದೂ ಅಲ್ಲದವುಗಳಂತೆ ಬಳಕೆಯಾದವು. ಇಲ್ಲಿ ಹಾಗಿಲ್ಲ. ಇಲ್ಲಿನ ಪ್ರತಿಯೊಂದು ಮರಕ್ಕೂ ನೋಡಿಕೊಳ್ಳುವವರಿದ್ದಾರೆ, ಪ್ರತಿಯೊಂದು ಕೆರೆಗೂ ಹೊಣೆಗಾರರಿದ್ದಾರೆ.

ಈ ದ್ವೀಪದಲ್ಲೂ ಒಮ್ಮೆ ಬೇಟೆಯಿತ್ತು ಎಂಬುದು ಇಂದಿನ ಸಿಂಗಪುರವನ್ನು ನೋಡಿದವರಿಗೆ ನಂಬಲು ಕಷ್ಟವಾದೀತು. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಡು ಕಡಿದು ಗ್ಯಾಂಬಿಯರ್ ಮತ್ತು ಕಾಳುಮೆಣಸಿನ ತೋಟಗಳನ್ನು ಹಬ್ಬಿಸಿದಾಗ ತೋಟದ ಕೂಲಿಯಾಳುಗಳು ಹುಲಿಗಳಿಗೆ ಬಲಿಯಾದರು. ಸರ್ಕಾರ ಹುಲಿ ಕೊಂದವರಿಗೆ ಬಹುಮಾನ ಕೊಟ್ಟಿತು. 1902ರಲ್ಲಿ ಸರ್ಕಸ್ಸಿನಿಂದ ತಪ್ಪಿಸಿಕೊಂಡ ಹುಲಿಯೊಂದನ್ನು ರಾಫಲ್ಸ್ ಹೋಟೆಲಿನ ಬಿಲಿಯರ್ಡ್ಸ್ ಕೊಠಡಿಯ ಕೆಳಗೆ ಗುಂಡಿಟ್ಟು ಕೊಂದ ಕಥೆಯನ್ನು ಪ್ರವಾಸಿಗರಿಗೆ ಇಂದಿಗೂ ಹೇಳುತ್ತಾರೆ. ಕಾಡಿನಲ್ಲಿದ್ದ ಕೊನೆಯ ಹುಲಿ 1930ರಲ್ಲಿ ಚೋವಾ ಚು ಕಾಂಗ್‌ನಲ್ಲಿ ಗುಂಡಿಗೆ ಬಲಿಯಾಯಿತು. ಇಂದು ಸಾಮಾನ್ಯ ನಾಗರಿಕನ ಕೈಯಲ್ಲಿ ಕೋವಿಯನ್ನು ಊಹಿಸಲೂ ಆಗದು. 1965ರ ಕಾಡುಪ್ರಾಣಿ ಮತ್ತು ಪಕ್ಷಿಗಳ ಕಾಯ್ದೆಯನ್ನು ಬಲಪಡಿಸಿ, 2020ರಿಂದ ವನ್ಯಜೀವಿ ಕಾಯ್ದೆ ಎಂಬ ಹೊಸ ಹೆಸರಿನಲ್ಲಿ ಜಾರಿಗೆ ತಂದಿದ್ದಾರೆ. ಅದರ ಪ್ರಕಾರ ಕಾಡುಪ್ರಾಣಿಯನ್ನು ಅನುಮತಿಯಿಲ್ಲದೆ ಹಿಡಿಯುವುದು, ಕೊಲ್ಲುವುದು ಮಾತ್ರವೇ ಅಪರಾಧವೆಂದು ತಿಳಿಯಬಾರದು; ಅದಕ್ಕೆ ತಿನ್ನಲು ಕೊಡುವುದೂ, ತಂದು ಕಾಡಿನಲ್ಲೋ ನೀರಿನಲ್ಲೋ ಬಿಡುವುದೂ ಅಪರಾಧವೇ. ತಿನ್ನಲು ಕೊಟ್ಟರೆ ಮೊದಲ ಬಾರಿಗೆ 5,000 ಡಾಲರ್‌ವರೆಗೆ, ಮತ್ತೆ ಸಿಕ್ಕಿಬಿದ್ದರೆ 10,000 ಡಾಲರ್‌ವರೆಗೆ ದಂಡವುಂಟು.

ಊರಿನಿಂದ ಬರುವ ಹಿರಿಯರಿಗೆ ಇದನ್ನು ಮುಂಚಿತವಾಗಿಯೇ ಹೇಳಿಡಬೇಕು. ಪಾರಿವಾಳಕ್ಕೆ ಅಕ್ಕಿಕಾಳು ಎರಚುವುದು, ಕೋತಿಗೆ ಬಾಳೆಹಣ್ಣು ಕೊಡುವುದು ನಮ್ಮಲ್ಲಿ ಪುಣ್ಯದ ಕೆಲಸ. ಇಲ್ಲಿ ಅದರಿಂದ ಕೋತಿಗಳು ಮನುಷ್ಯರ ಕೈಚೀಲ ಕಸಿಯಲು ಕಲಿಯುತ್ತವೆ, ಕಾಡುಹಂದಿಗಳು ವಸತಿಯ ಕಡೆಗೆ ಇಳಿಯುತ್ತವೆ, ಆ ಮೇಲೆ ಆ ಪ್ರಾಣಿಗಳ ಜೀವಕ್ಕೇ ಸಂಚಕಾರ. ಪರರ ನೆಲದಲ್ಲಿ ತೆಗೆದುಕೊಳ್ಳುವುದಕ್ಕೆ ಅಪ್ಪಣೆ ಬೇಕಾದಂತೆ ಕೊಡುವುದಕ್ಕೂ ಬೇಕು ಎಂಬುದು ಇಲ್ಲಿನ ಮೊದಲ ಪಾಠ.

ಬೇಟೆಗೆ ಅತ್ಯಂತ ಸಮೀಪವಾದ ಹವ್ಯಾಸವಾಗಿ ಇಲ್ಲಿ ಉಳಿದಿರುವುದು ಗಾಳ ಹಾಕುವುದು. ದ್ವೀಪದ ನೆಲದ ಮೂರರಲ್ಲಿ ಎರಡು ಭಾಗ ಮಳೆನೀರು ಹಿಡಿಯುವ ಪ್ರದೇಶ. ಆ ನೀರು ಹದಿನೇಳು ಜಲಾಶಯಗಳಿಗೆ ಸೇರಿ, ಶುದ್ಧವಾಗಿ, ನಮ್ಮ ನಲ್ಲಿಗೆ ಬರುತ್ತದೆ. ಅವುಗಳನ್ನು ನೋಡಿಕೊಳ್ಳುವ ಪಿಯುಬಿ ಎಂಬ ಜಲಮಂಡಳಿಯು ಬೆಡೋಕ್, ಲೋವರ್ ಸೆಲೆಟರ್ ಮುಂತಾದ ಜಲಾಶಯಗಳಲ್ಲಿ ಗೊತ್ತುಮಾಡಿದ ದಡಗಳಲ್ಲಷ್ಟೇ ಗಾಳ ಹಾಕಲು ಬಿಡುತ್ತದೆ. ಎರೆಹುಳು, ಹಿಟ್ಟಿನ ಉಂಡೆಗಳನ್ನು ಕಟ್ಟುವಂತಿಲ್ಲ. ಕೃತಕ ಆಮಿಷವನ್ನು ಮಾತ್ರ ಬಳಸಬೇಕು, ಏಕೆಂದರೆ ಅದು ಕುಡಿಯುವ ನೀರು. ಗೊತ್ತುಮಾಡದ ಜಾಗದಲ್ಲಿ ಗಾಳ ಹಾಕಿದರೆ 3,000 ಡಾಲರ್‌ವರೆಗೆ ದಂಡ ವಿಧಿಸಬಹುದು.

ಇಷ್ಟು ಕಾನೂನು. ಇದರ ಮುಂದಿನದು ಹವ್ಯಾಸಿಗಳೇ ತಮ್ಮೊಳಗೆ ಪಾಲಿಸುವ ನಡತೆ. ಒಬ್ಬರು ನಿಂತ ಜಾಗಕ್ಕೆ ಮೈತಾಗುವಂತೆ ಇನ್ನೊಬ್ಬರು ನಿಲ್ಲುವುದಿಲ್ಲ. ಹಿಂದೆ ನಡೆದು ಹೋಗುವವರನ್ನು ನೋಡಿಯೇ ಗಾಳ ಬೀಸುತ್ತಾರೆ. ತುಂಡಾದ ದಾರವನ್ನು ದಡದಲ್ಲಿ ಬಿಡುವುದಿಲ್ಲ, ಅದು ಹಕ್ಕಿಯ ಕಾಲಿಗೆ, ಉಡದ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುವವರು ಬಹಳ. ಒಳ್ಳೆಯ ಜಾಗ ತೋರಿಸಿಕೊಟ್ಟ ಹಿರಿಯನ ಹೆಸರು ಹೇಳದೆ, ಆ ಜಾಗದ ಗುರುತನ್ನು ಊರಿಗೆಲ್ಲ ಸಾರುವವನನ್ನು ಎರಡನೆಯ ಸಲ ಯಾರೂ ಕರೆಯುವುದಿಲ್ಲ. ನಮ್ಮ ಮಲೆನಾಡಿನ ಬೇಟೆಗಾರರಿಗೆ ಇದರಲ್ಲಿ ಹೊಸದೇನೂ ಕಾಣುತ್ತಿರಲಿಲ್ಲ.

ಆದರೆ ಗಾಳ ಹಾಕುವ ಕನ್ನಡಿಗರು ಕೆಲವರು ಮಾತ್ರ. ತೋಟದ ಆಸೆ ಬಹುತೇಕ ಎಲ್ಲರಿಗೂ ಉಂಟು. ನಿಜವಾದ ಪರೀಕ್ಷೆ ನಡೆಯುವುದು ಅಲ್ಲಿಯೇ.

ಎನ್‌ಪಾರ್ಕ್ಸ್ ಎಂದು ಎಲ್ಲರೂ ಕರೆಯುವ ರಾಷ್ಟ್ರೀಯ ಉದ್ಯಾನ ಮಂಡಳಿಯು 2005ರಲ್ಲಿ ಕಮ್ಯುನಿಟಿ ಇನ್ ಬ್ಲೂಮ್ ಎಂಬ ಯೋಜನೆಯನ್ನು ಆರಂಭಿಸಿತು. ವಸತಿ ಕಟ್ಟಡಗಳ ಕೆಳಗೆ, ಶಾಲೆ ಆಸ್ಪತ್ರೆಗಳ ಆವರಣದಲ್ಲಿ ನೆರೆಹೊರೆಯವರು ಕೂಡಿ ಬೆಳೆಸುವ ತೋಟಗಳು ಇಂದು ಸಾವಿರಕ್ಕೂ ಹೆಚ್ಚು ಇವೆ. 2016ರಿಂದ ಉದ್ಯಾನಗಳಲ್ಲಿ ಸಣ್ಣ ಮಡಿಗಳನ್ನು ಬಾಡಿಗೆಗೆ ಕೊಡುವ ಏರ್ಪಾಡೂ ಬಂತು. ಹಾರ್ಟ್‌ಪಾರ್ಕ್‌ನಲ್ಲಿ ಮೊದಲಾದ ಆ ಯೋಜನೆಯಲ್ಲಿ ಒಂದು ಮಡಿಯ ಅಳತೆ ಎರಡೂವರೆ ಮೀಟರ್ ಉದ್ದ, ಒಂದು ಮೀಟರ್ ಅಗಲ, ಗುತ್ತಿಗೆಯ ಅವಧಿ ಮೂರು ವರ್ಷ. ಬೇಡುವವರು ಹೆಚ್ಚಾದುದರಿಂದ ಚೀಟಿ ಎತ್ತಿ ಹಂಚುತ್ತಾರೆ. ನಮ್ಮೂರಿನಲ್ಲಿ ಒಂದು ಮಂಚ ಹಾಕುವ ಜಾಗಕ್ಕಾಗಿ ಇಲ್ಲಿ ಜನ ಚೀಟಿಯ ಫಲ ಕಾಯುತ್ತಾರೆ ಎಂದರೆ, ಆ ಮಣ್ಣಿನ ಮೇಲೆ ಅವರಿಗಿರುವ ಅಕ್ಕರೆಯನ್ನು ಊಹಿಸಬಹುದು.

ನಾನು ವಾಸಿಸುವ ಬಡಾವಣೆಯ ಇಂಥದೊಂದು ತೋಟದಲ್ಲಿ ಕೆಲವು ವರ್ಷಗಳ ಹಿಂದೆ ನಡೆದುದನ್ನು ಹೇಳುತ್ತೇನೆ. ತೋಟವನ್ನು ನೋಡಿಕೊಳ್ಳುತ್ತಿದ್ದವರು ಹತ್ತು ಹನ್ನೆರಡು ಮಂದಿ, ಹೆಚ್ಚಿನವರು ಅರವತ್ತು ದಾಟಿದ ಚೀನೀಯರು, ಮಲಯರು, ತಮಿಳರು. ಅಲ್ಲಿ ಕರಿಬೇವು, ಪಾಂಡನ್, ವೀಳ್ಯದೆಲೆ, ಬಾಳೆ, ನುಗ್ಗೆ, ತುಳಸಿ ಎಲ್ಲವೂ ಇದ್ದವು. ಹೊಸದಾಗಿ ಬಂದ ಕನ್ನಡದ ಕುಟುಂಬವೊಂದು ಬೇಲಿಯಾಚೆ ನಿಂತು ಆಸೆಯಿಂದ ನೋಡುತ್ತಿದ್ದುದನ್ನು ಕಂಡ ಚೀನೀ ಅಜ್ಜಿಯೊಬ್ಬರು, ಇಲ್ಲಿ ಹಿರಿಯರನ್ನೆಲ್ಲ ಕರೆಯುವಂತೆ ಎಲ್ಲರ ಪಾಲಿಗೂ ಆಂಟಿ, ಒಳಗೆ ಕರೆದು ಕರಿಬೇವಿನ ಗರಿಗಳನ್ನು ಮುರಿದುಕೊಟ್ಟರು. ಬೇಕಾದಾಗ ಬಾ, ಬಾಗಿಲು ತೆರೆದೇ ಇರುತ್ತದೆ ಎಂದರು. ಆ ಮನೆಯವರಿಗೆ ಆದ ಸಂತೋಷ ಸಣ್ಣದಲ್ಲ. ಆ ಸಂತೋಷದಲ್ಲಿಯೇ ಅವರು ಗೆಳೆಯರ ವಾಟ್ಸ್ಆ್ಯಪ್ ಗುಂಪಿಗೆ ತೋಟದ ಜಾಗ ತಿಳಿಸಿ, ತಾಜಾ ಕರಿಬೇವು, ಬಾಳೆಲೆ ಎಲ್ಲ ಸಿಗುತ್ತದೆ, ಯಾರೂ ಏನೂ ಅನ್ನುವುದಿಲ್ಲ ಎಂದು ಬರೆದರು.

ಆ ವರ್ಷದ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಆರೇಳು ಕುಟುಂಬಗಳು ಬಂದುಹೋದವು. ಯಾರೂ ಕಳ್ಳರಲ್ಲ; ಎಲ್ಲರೂ ವಿದ್ಯಾವಂತರು, ದೇವರ ಪೂಜೆಗೆಂದು ಬಂದವರು. ಪ್ರತಿಯೊಬ್ಬರೂ ತೆಗೆದುಕೊಂಡದ್ದು ಎರಡು ಬಾಳೆಲೆ, ನಾಲ್ಕು ವೀಳ್ಯದೆಲೆ, ಒಂದು ಹಿಡಿ ತುಳಸಿ. ಮರುದಿನ ಬೆಳಗ್ಗೆ ಬಾಳೆಯ ಗಿಡಗಳಲ್ಲಿ ಸುಳಿ ಮಾತ್ರ ಉಳಿದಿತ್ತು. ಮಲಯ ಅಜ್ಜನೊಬ್ಬರು ಮಗಳ ಮನೆಯ ಸಮಾರಂಭಕ್ಕೆಂದು ಮೀಸಲಿಟ್ಟಿದ್ದ ಎಲೆಗಳೂ ಹೋಗಿದ್ದವು. ಯಾರೂ ಕೂಗಾಡಲಿಲ್ಲ, ದೂರು ಕೊಡಲಿಲ್ಲ. ಮುಂದಿನ ವಾರ ತೋಟದ ಬಾಗಿಲಿಗೆ ಬೀಗ ಬಿತ್ತು, ಅಷ್ಟೇ. ಆಂಟಿ ತಮ್ಮವರ ನಡುವೆ ತಲೆತಗ್ಗಿಸಬೇಕಾಯಿತು, ಏಕೆಂದರೆ ಒಳಗೆ ಕರೆದವರು ಅವರೇ.

ಈ ಸಣ್ಣ ಘಟನೆಯಲ್ಲಿ ಹೋದದ್ದೇನು ಎಂದು ಯೋಚಿಸಬೇಕು. ಬಾಳೆಲೆ ಹೋದರೆ ಮತ್ತೆ ಬೆಳೆಯುತ್ತದೆ. ಲಿಟಲ್ ಇಂಡಿಯಾದ ಅಂಗಡಿಗಳಲ್ಲಿ ದುಡ್ಡಿಗೂ ಸಿಗುತ್ತದೆ. ಹೋದದ್ದು ಒಬ್ಬ ಹಿರಿಯ ಹೆಂಗಸು ಪರದೇಶದ ಅಪರಿಚಿತರ ಮೇಲೆ ಇಟ್ಟಿದ್ದ ನಂಬಿಕೆ. ಕುಟುಂಬದವರು ಆ ನಂಬಿಕೆಯನ್ನು ಒಂದು ವಿಳಾಸವೆಂದು ಭಾವಿಸಿ ಹಂಚಿಬಿಟ್ಟರು. ಬಾ ಎಂದದ್ದು ಅವರನ್ನು. ಆ ಮಾತು ಗುಂಪಿನ ನೂರಾರು ಜನರಿಗೆ ಹೇಳಿದ್ದಾಗಿರಲಿಲ್ಲ. ಇಬ್ಬರು ತೆಗೆದುಕೊಂಡರೆ ಹಿತವಾಗಿರುವುದು ಇಪ್ಪತ್ತು ಜನ ತೆಗೆದುಕೊಂಡಾಗ ಲೂಟಿಯಾಗುತ್ತದೆ, ಒಬ್ಬೊಬ್ಬರ ಪಾಲು ಎಷ್ಟೇ ಚಿಕ್ಕದಿರಲಿ.

ಮುಂದೆ ಅದು ಸರಿಹೋದ ರೀತಿಯನ್ನೂ ಹೇಳಬೇಕು. ನಮ್ಮ ಕಡೆಯ ಇನ್ನೊಂದು ಮನೆಗೆ ಊರಿನಿಂದ ಬಂದಿದ್ದ ತಾಯಿಯೊಬ್ಬರು ಪ್ರತಿ ಭಾನುವಾರ ಬೆಳಗ್ಗೆ ತೋಟದ ಬೇಲಿಯ ಬಳಿ ಹೋಗಿ ನಿಲ್ಲತೊಡಗಿದರು. ಅವರಿಗೆ ಇಂಗ್ಲಿಷ್ ಬಾರದು, ಆಂಟಿಗೆ ಕನ್ನಡ ಬಾರದು. ಮೂರನೆಯ ವಾರ ಅವರನ್ನು ಒಳಗೆ ಬಿಟ್ಟರು. ಅವರು ಏನನ್ನೂ ಕೀಳದೆ, ಕುಳಿತು ಕಳೆ ತೆಗೆದರು. ಬದನೆಯ ಗಿಡಕ್ಕೆ ಹುಳು ಹತ್ತಿದ್ದನ್ನು ತೋರಿಸಿದರು. ಹಿಂದಿರುಗುವಾಗ ಕರಿಬೇವಿನ ಕಟ್ಟು ತಾನಾಗಿಯೇ ಅವರ ಕೈಗೆ ಬಂತು. ಈಗ ಆ ತೋಟದಲ್ಲಿ ಒಂದು ಕ್ರಮವಿದೆ: ವಾರಕ್ಕೊಮ್ಮೆ ಬಾಗಿಲು ತೆರೆಯುತ್ತಾರೆ, ಕೆಲಸಕ್ಕೆ ಬಂದವರಿಗೆ ಪಾಲುಂಟು, ಹಬ್ಬಕ್ಕೆ ಬೇಕಾದದ್ದನ್ನು ಮೊದಲೇ ತಿಳಿಸಬೇಕು. ಸೋಹಿದವನಿಗೂ ಪಾಲು ಎಂಬ ನಮ್ಮ ಹಳೆಯ ನ್ಯಾಯವೇ ಇದು.

ತೋಟಕ್ಕಾದರೂ ಬೇಲಿಯಿದೆ, ಕೇಳಲು ಮನುಷ್ಯರಿದ್ದಾರೆ. ದಾರಿಬದಿಯ ಮರಗಳ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಬೆಳಗಿನ ನಡಿಗೆಗೆ ಹೋದ ತಂದೆತಾಯಂದಿರು ಉದ್ಯಾನದ ದಾಸವಾಳವನ್ನೋ ಕಣಗಿಲೆಯನ್ನೋ ದೇವರಿಗೆಂದು ಕೊಯ್ದು ತರುವುದನ್ನು ಅನೇಕ ಮನೆಗಳಲ್ಲಿ ಕಂಡಿದ್ದೇನೆ. ನಮ್ಮಲ್ಲಿ ಹೂವು ದೇವರದು, ಕೊಯ್ದವರಿಗೆ ದೋಷವಿಲ್ಲ. ಇಲ್ಲಿ ಸಾರ್ವಜನಿಕ ಉದ್ಯಾನದ ಹೂವು, ಹಣ್ಣು, ಎಲೆ ಯಾವುದನ್ನು ಕಿತ್ತರೂ ಅದು ಉದ್ಯಾನ ಮತ್ತು ಮರಗಳ ಕಾಯ್ದೆಯ ಉಲ್ಲಂಘನೆ. ದಂಡ 5,000 ಡಾಲರ್‌ವರೆಗೆ ಹೋಗಬಹುದು. ಸಂರಕ್ಷಿತ ಅರಣ್ಯಗಳಲ್ಲಿ ಶಿಕ್ಷೆ ಇನ್ನೂ ಕಠಿಣ. ಸರ್ಕಾರಿ ಜಮೀನಿನ ಹಣ್ಣೂ ಸರ್ಕಾರದ್ದೇ. ದೂರಿಯನ್ ಕಾಲದಲ್ಲಿ ಹಳೆಯ ಹಳ್ಳಿಗಳಿದ್ದ ಜಾಗಗಳ ಮರದಡಿಯಲ್ಲಿ ಹಣ್ಣು ಬೀಳುವುದನ್ನು ಕಾಯುವ ಸ್ಥಳೀಯರನ್ನು ಕಂಡು, ಹಾಗಾದರೆ ನಾವೂ ಹಲಸು ಕೀಳಬಹುದು ಎಂದು ತಿಳಿಯುವುದು ಅಪಾಯ. ಬೇಕೆನಿಸಿದರೆ ಮೊದಲು ಸಂಬಂಧಪಟ್ಟ ಇಲಾಖೆಯನ್ನು ಕೇಳಬೇಕು. ಕೇಳಲು ಮನಸ್ಸಿಲ್ಲದಿದ್ದರೆ ಕೀಳಲೂ ಬಾರದು.

ಇದಕ್ಕೆ ಒಂದು ಆಕ್ಷೇಪವಿದೆ, ಅದು ಹಗುರವಾದುದಲ್ಲ. ನೆಲಕ್ಕೆ ಬಿದ್ದು ಕೊಳೆಯುವ ಮಾವಿನಹಣ್ಣನ್ನು ಎತ್ತಿಕೊಳ್ಳಲೂ ಅಪ್ಪಣೆ ಬೇಕೆಂದರೆ, ಆ ನಾಡಿನಲ್ಲಿ ಮನುಷ್ಯನಿಗೂ ಮಣ್ಣಿಗೂ ಏನು ಸಂಬಂಧ ಉಳಿಯಿತು ಎಂದು ಕೇಳುವವರಿದ್ದಾರೆ. ಸ್ವೀಡನ್‌ನಂಥ ದೇಶಗಳಲ್ಲಿ ಯಾರು ಬೇಕಾದರೂ ಪರರ ಕಾಡಿನಲ್ಲಿ ನಡೆದಾಡಿ ಕಾಡುಹಣ್ಣು, ಅಣಬೆಗಳನ್ನು ಆರಿಸಿಕೊಳ್ಳುವ ಹಕ್ಕಿದೆಯಲ್ಲ ಎಂದು ಉದಾಹರಣೆ ಕೊಡುತ್ತಾರೆ. ನಿಜ. ಆದರೆ ಅಷ್ಟು ಉದಾರವಾದ ಆ ದೇಶದಲ್ಲಿಯೂ ಬೇಟೆಯ ಹಕ್ಕು ಜಮೀನಿನ ಒಡೆಯನದೇ, ಬೆಳೆದು ನಿಂತ ಹೊಲವನ್ನು ತುಳಿಯುವಂತಿಲ್ಲ, ಮನೆಯಂಗಳದ ಹತ್ತಿರ ಸುಳಿಯುವಂತಿಲ್ಲ. ಅಮೆರಿಕದಲ್ಲಿ ಕಾಡುಪ್ರಾಣಿ ಜನರೆಲ್ಲರ ಪರವಾಗಿ ರಾಜ್ಯದ ರಕ್ಷಣೆಯಲ್ಲಿದ್ದರೂ, ಅದು ಮೇಯುವ ಹೊಲದೊಳಗೆ ಬಿಡುವ ಅಧಿಕಾರ ರೈತನದು. ಅಲ್ಲಿನ ಬೇಟೆಗಾರರೂ ಒಬ್ಬನಿಗೆ ಸಿಕ್ಕ ಅಪ್ಪಣೆ ಅವನ ಭಾವಮೈದುನನಿಗೆ ಅನ್ವಯಿಸದು ಎಂಬ ತತ್ತ್ವದ ಮೇಲೆಯೇ ನಡೆದುಕೊಳ್ಳುತ್ತಾರೆ. ವಿಸ್ತಾರವಾದ ದೇಶಗಳೇ ಇಷ್ಟು ಎಚ್ಚರ ವಹಿಸುವಾಗ, ಒಂದು ತಾಲ್ಲೂಕಿನಷ್ಟಿರುವ ದ್ವೀಪ ಇನ್ನೂ ಒಂದು ಹೆಜ್ಜೆ ಬಿಗಿಯಾಗಿರುವುದು ಆಶ್ಚರ್ಯವಲ್ಲ. ಅರವತ್ತು ಲಕ್ಷ ಜನ ಒಬ್ಬೊಬ್ಬರು ಒಂದೊಂದು ಹೂವು ಕಿತ್ತರೆ ಈ ಉದ್ಯಾನಗಳು ಒಂದು ದಿನವೂ ಉಳಿಯವು.

ಇನ್ನೊಂದು ಮಾತನ್ನು ಬಹಳ ದಿನಗಳಿಂದ ಇಲ್ಲಿರುವ ನಮ್ಮವರಿಗೂ ಹೇಳಬೇಕು. ಶಿಷ್ಟಾಚಾರವೆಂಬುದು ಹೊಸಬರ ತಲೆಯ ಮೇಲೆ ಮಾತ್ರ ಹೊರಿಸುವ ಹೊರೆಯಾಗಬಾರದು. ಚೀಟಿಯಲ್ಲಿ ಮಡಿ ಗೆದ್ದವರು, ತೋಟದ ಬಳಗದಲ್ಲಿ ಜಾಗ ಪಡೆದವರು ಹೊಸದಾಗಿ ಬಂದವರಿಗೆ ಅದರ ರೀತಿಯನ್ನು ತಿಳಿಸಿಕೊಡುವುದು ಅವರ ಕರ್ತವ್ಯ. ಒಬ್ಬ ನೆಂಟನನ್ನು ತೋಟಕ್ಕೆ ಕರೆದೊಯ್ಯಬೇಕೆಂದರೆ ಮೊದಲು ಬಳಗದವರನ್ನು ಕೇಳಬೇಕು, ಅವನ ಜೊತೆಯಲ್ಲೇ ಇರಬೇಕು, ಅವನು ಮುರಿದ ಕೊಂಬೆಗೆ ತಾನೇ ಉತ್ತರ ಹೇಳಬೇಕು. ನಂಬಿ ಕರೆದವರ ಹೆಸರು ಕೆಡದಂತೆ ನೋಡಿಕೊಳ್ಳುವುದು ಬಂದವನ ಧರ್ಮ. ಬಂದವನಿಗೆ ಗೊತ್ತಿಲ್ಲದ್ದನ್ನು ಮುಂಚಿತವಾಗಿ ಹೇಳುವುದು ಕರೆದವನ ಧರ್ಮ. ಊರಿನಲ್ಲಿ ಬೇಟೆಗೆ ಹುಡುಗನನ್ನು ಮೊದಲ ಸಲ ಕರೆದೊಯ್ಯುವಾಗ ಹಿರಿಯರು ಅವನ ಕೈಗೆ ಕೋವಿ ಕೊಡುತ್ತಿರಲಿಲ್ಲ. ಎಲ್ಲಿ ನಿಲ್ಲಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನೇ ಮೊದಲು ಕಲಿಸುತ್ತಿದ್ದರು.

ಇಲ್ಲಿಗೆ ಬರಲಿರುವವರು ನೆನಪಿಡಬೇಕಾದುದು ಹೆಚ್ಚೇನಿಲ್ಲ. ತೆಗೆದುಕೊಳ್ಳುವ ಮುನ್ನ ಕೇಳಬೇಕು. ಕೇಳಲು ಯಾರೂ ಕಾಣದಿದ್ದರೆ ತೆಗೆದುಕೊಳ್ಳಬಾರದು. ಇಲ್ಲ ಎಂದರೆ ನಗುತ್ತಲೇ ಒಪ್ಪಿಕೊಳ್ಳಬೇಕು, ಕಾರಣ ಕೇಳಿ ವಾದ ಮಾಡಬಾರದು. ಹೌದು ಎಂದರೆ ಆ ಹೌದು ತನಗೆ, ಆ ದಿನಕ್ಕೆ, ಅಷ್ಟಕ್ಕೇ ಎಂದು ತಿಳಿಯಬೇಕು. ಸಿಕ್ಕ ಜಾಗದ ಗುರುತನ್ನು ಗುಂಪುಗಳಲ್ಲಿ ಹಂಚಬಾರದು. ಬಾಗಿಲು ಹೇಗಿತ್ತೋ ಹಾಗೆಯೇ ಬಿಟ್ಟುಬರಬೇಕು. ಪಡೆದದ್ದಕ್ಕೆ ಪ್ರತಿಯಾಗಿ ಏನಾದರೂ ಕೊಡಬೇಕು. ಅರ್ಧ ಗಂಟೆಯ ಕಳೆ ಕೀಳುವಿಕೆ, ಮನೆಯಲ್ಲಿ ಮಾಡಿದ ಒಂದು ಡಬ್ಬಿ ಚಕ್ಕುಲಿ, ಹಬ್ಬದ ದಿನ ಒಂದು ಹೋಳಿಗೆ, ಯಾವುದಾದರೂ ಸರಿ. ಮುಸ್ಲಿಂ ನೆರೆಯವರಿಗೆ ಕೊಡುವಾಗ ಒಳಗೆ ಏನು ಹಾಕಿದೆ ಎಂದು ಹೇಳಿಯೇ ಕೊಡಬೇಕು. ಬೇಟೆಯ ಪಾಲು ಹಂಚಿದಂತೆ ಇದೂ ಲೆಕ್ಕ ಚುಕ್ತಾ ಮಾಡುವ ವ್ಯವಹಾರವಾಗದೆ, ಮುಂದಿನ ವಾರವೂ ಕರೆಯುವಂತೆ ಮಾಡುವ ಸಂಬಂಧವಾಗಬೇಕು.

ಊರಿನಲ್ಲಿರುವ ತಂದೆತಾಯಂದಿರಿಗೂ ಒಂದು ಕೋರಿಕೆ. ಮಕ್ಕಳ ಮನೆಗೆ ಬಂದಾಗ ಇಲ್ಲಿನ ಕಟ್ಟುಪಾಡುಗಳನ್ನು ಕಂಡು ಬೇಸರಪಡಬೇಡಿ, ಇದೇನು ಹೂವು ಮುಟ್ಟಿದರೂ ತಪ್ಪು ಎಂದು ನೊಂದುಕೊಳ್ಳಬೇಡಿ. ಮಣ್ಣಿನ ಕೆಲಸ ಬಲ್ಲ ನಿಮ್ಮ ಕೈಗೆ ಇಲ್ಲಿ ಬೆಲೆಯಿದೆ. ಮಗ ಸೊಸೆಯರು ಕಚೇರಿಗೆ ಹೋದ ಮೇಲೆ ನಾಲ್ಕು ಗೋಡೆಗಳ ನಡುವೆ ಕೂರುವ ಬದಲು, ಕೆಳಗಿನ ತೋಟದ ಬೇಲಿಯ ಬಳಿ ಹೋಗಿ ನಿಲ್ಲಿ. ನಮಸ್ಕಾರ ಮಾಡಿ, ಏನನ್ನೂ ಕೇಳದೆ ಸ್ವಲ್ಪ ಹೊತ್ತು ನೋಡಿ. ಯಾವುದೋ ಒಂದು ವಾರ ಯಾರಾದರೂ ನಿಮ್ಮ ಕೈಗೆ ಕುರ್ಚಿಗೆ ಕೊಟ್ಟಾರು. ಅಲ್ಲಿಂದ ಮುಂದೆ ಮಕ್ಕಳಿಗೆ ಆ ನೆರೆಹೊರೆಯಲ್ಲಿ ಸಿಗುವ ಗೌರವ ಯಾವ ಸಂಬಳದಿಂದಲೂ ಬರುವಂಥದ್ದಲ್ಲ.